ಮಾಡನ್ನು ಗೋಡೆಗೆ ಕಟ್ಟುವ ತಗಡು

1992ರ ಆಗಸ್ಟ್ 24ರ ನಸುಕಿನಲ್ಲಿ ಆಂಡ್ರ್ಯೂ ಚಂಡಮಾರುತ ಅಮೆರಿಕದ ಫ್ಲೋರಿಡಾ ರಾಜ್ಯದ ದಕ್ಷಿಣ ತುದಿಗೆ ಅಪ್ಪಳಿಸಿತು. ಬೆಳಕು ಹರಿಯುವ ಹೊತ್ತಿಗೆ ಮಯಾಮಿಯ ದಕ್ಷಿಣಕ್ಕಿರುವ ಹೋಮ್‌ಸ್ಟೆಡ್, ಕಟ್ಲರ್ ರಿಡ್ಜ್ ಕಡೆಯ ಬಡಾವಣೆಗಳಲ್ಲಿ ಬೀದಿಗೆ ಬೀದಿಯೇ ಮಾಡು ಕಳೆದುಕೊಂಡು ನಿಂತಿತ್ತು. ಡೇಡ್ ಕೌಂಟಿಯೊಂದರಲ್ಲೇ 25 ಸಾವಿರಕ್ಕೂ ಹೆಚ್ಚು ಮನೆಗಳು ಪೂರ್ತಿ ಹಾಳಾದವು, ಒಂದು ಲಕ್ಷಕ್ಕೂ ಹೆಚ್ಚು ಮನೆಗಳು ಜಖಂಗೊಂಡವು. ಗಾಳಿ ನಿಂತ ಮೇಲೆ ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಇಂಜಿನಿಯರುಗಳ ತಂಡವೊಂದನ್ನು ಕಳಿಸಿತು. ಬಿದ್ದಿದ್ದ ಪ್ಲೈವುಡ್ ಹಲಗೆಗಳನ್ನು ಮಗುಚಿ ನೋಡಿದಾಗ ಕೆಲವೆಡೆ ಕಂಡದ್ದು ಸಾಲಾಗಿ ಹೊಡೆದ ಸ್ಟೇಪಲ್ ಪಿನ್ನುಗಳು. ಅವು ಹಲಗೆಯನ್ನು ತೂರಿ ಬಂದಿದ್ದವು, ಕೆಳಗೆ ಮಾಡನ್ನು ಹೊರುವ ಚೌಕಟ್ಟಿನ, ಅಂದರೆ ಟ್ರಸ್ಸಿನ, ಮರಕ್ಕೆ ಮಾತ್ರ ತಾಗಿರಲೇ ಇಲ್ಲ. ತುಸು ಪಕ್ಕಕ್ಕೆ ಸರಿದಿದ್ದವು.

ಅಂಥ ಹಲಗೆ ಹಾರಿಹೋದರೆ ಮಳೆ ಒಳಗೆ ನುಗ್ಗುತ್ತದೆ. ಮಾಡಿನ ತುದಿಯ ತ್ರಿಕೋನ ಗೋಡೆಗೆ ಅಡ್ಡ ಬಿಗಿತ ಇಲ್ಲದಿದ್ದರೆ ಅದು ಒಳಕ್ಕೆ ಕುಸಿಯುತ್ತದೆ. ಗಾಳಿ ಮನೆಯೊಳಗೆ ಸೇರಿದ ಮೇಲೆ ಮಾಡನ್ನು ಹೊರಗಿನಿಂದ ಹೀರುವ ಬಲಕ್ಕೆ ಒಳಗಿನಿಂದ ತಳ್ಳುವ ಬಲವೂ ಕೂಡಿಕೊಳ್ಳುತ್ತದೆ. ಮರ ಗಟ್ಟಿಯಾಗಿಯೇ ಇತ್ತು, ಗೋಡೆಯೂ ಗಟ್ಟಿಯಾಗಿತ್ತು. ಸೋತದ್ದು ಅವೆರಡರ ನಡುವಿನ ಹಿಡಿತ. ಕೆಲವೇ ಡಾಲರ್ ಬೆಲೆಯ ತಗಡಿನ ತುಂಡು, ಅದಕ್ಕೆ ಹೊಡೆಯುವ ನಾಲ್ಕಾರು ಮೊಳೆ, ಆ ಮೊಳೆ ಎಲ್ಲಿ ಕೂತಿದೆ ಎಂಬ ಎಚ್ಚರ: ಒಂದು ಮನೆಯ ಮಾಡು ಉಳಿಯುವುದೂ ಹೋಗುವುದೂ ಇಷ್ಟರಲ್ಲೇ ತೀರ್ಮಾನವಾಗುತ್ತದೆ. ಆದರೂ ಮನೆ ಕಟ್ಟುವಾಗ ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಕಡಿಮೆ ಯೋಚಿಸಿ ಕೊಳ್ಳುವ ವಸ್ತು ಇದೇ.

ಅಮೆರಿಕದ ಸಾಮಾನ್ಯ ಮನೆಯ ಮಾಡನ್ನು ಇವತ್ತು ಸ್ಥಳದಲ್ಲಿ ಬಡಗಿ ಕೂತು ಕಟ್ಟುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾದ ತ್ರಿಕೋನಾಕಾರದ ಮರದ ಟ್ರಸ್ಸುಗಳು ಲಾರಿಯಲ್ಲಿ ಬರುತ್ತವೆ. ಕ್ರೇನು ಅವನ್ನು ಎತ್ತಿ ಗೋಡೆಯ ಮೇಲೆ ಎರಡೆರಡು ಅಡಿ ಅಂತರದಲ್ಲಿ ನಿಲ್ಲಿಸುತ್ತದೆ. ಹೆಚ್ಚಿನವು ಒಂದೂವರೆ ಅಂಗುಲ ದಪ್ಪ, ಮೂರೂವರೆ ಅಂಗುಲ ಅಗಲದ ತೆಳ್ಳನೆಯ ಮರದವು. ಇಷ್ಟು ಸಣ್ಣ ಮರ ಮೂವತ್ತು ನಲವತ್ತು ಅಡಿ ಉದ್ದದ ಮಾಡನ್ನು ಹೊರಲು ಸಾಧ್ಯವಾದದ್ದು ಮರಗಳ ಸಂದಿಗಳನ್ನು ಬಿಗಿಯುವ ಹಲ್ಲುಳ್ಳ ತಗಡಿನಿಂದ. 1952ರಲ್ಲಿ ಫ್ಲೋರಿಡಾದ ಕ್ಯಾರಲ್ ಸ್ಯಾನ್‌ಫರ್ಡ್ ಅಂಥ ಮೊದಲ ಪ್ಲೇಟನ್ನು ತಂದರು. ಅದಕ್ಕೆ ಮೇಲಿಂದ ಇನ್ನಷ್ಟು ಮೊಳೆ ಹೊಡೆಯಬೇಕಿತ್ತು. ಕೆಲವೇ ವರ್ಷಗಳಲ್ಲಿ ಅದೇ ರಾಜ್ಯದ ಸಿವಿಲ್ ಇಂಜಿನಿಯರ್ ಕ್ಯಾಲ್ವಿನ್ ಜುರೈಟ್ ರೂಪಿಸಿದ ಗ್ಯಾಂಗ್‌ನೇಲ್ ಪ್ಲೇಟಿಗೆ ಆ ಮೊಳೆಯೂ ಬೇಡವಾಯಿತು. ತಗಡಿನಲ್ಲೇ ಕತ್ತರಿಸಿ ಮಡಿಸಿದ ಹಲ್ಲುಗಳು ಮರದೊಳಕ್ಕೆ ಇಳಿದು ಹಿಡಿಯುತ್ತಿದ್ದವು. ಯುದ್ಧಾನಂತರದ ಅಮೆರಿಕದಲ್ಲಿ ಮನೆಗಳು ಅಷ್ಟು ಬೇಗ, ಅಷ್ಟು ಅಗ್ಗಕ್ಕೆ ಏಳಲು ಈ ತಗಡೂ ಒಂದು ಕಾರಣ.

ಪ್ಲೇಟನ್ನು ಕೈಗೆತ್ತಿಕೊಂಡು ನೋಡಿದರೆ ಅದರ ದಪ್ಪ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ, ಅಂದರೆ 20 ಗೇಜು. ಒಂದು ಮುಖ ಸಪಾಟು, ಇನ್ನೊಂದು ಮುಖದಲ್ಲಿ ಒಂಬತ್ತು ಮಿಲಿಮೀಟರ್ ಆಸುಪಾಸಿನ ನೂರಾರು ಹಲ್ಲು. ಟ್ರಸ್ಸಿನ ಪ್ರತಿ ಸಂದಿಯ ಎರಡೂ ಕಡೆ ಒಂದೊಂದನ್ನು ಇಟ್ಟು ಯಂತ್ರದ ಒತ್ತಡದಲ್ಲಿ ಮರದೊಳಕ್ಕೆ ಅದುಮುತ್ತಾರೆ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಹಲ್ಲು ಬಾಗಿ ಹಿಡಿತ ಹೋಗುತ್ತದೆ. ಕ್ರೇನಿನಿಂದ ಎತ್ತುವಾಗ ಟ್ರಸ್ಸು ಅಡ್ಡಕ್ಕೆ ಬಳುಕಿದರೂ ಹಲ್ಲು ಸಡಿಲಗೊಂಡು ಮೇಲೇಳುತ್ತದೆ. ತಗಡಿಗೂ ಮರಕ್ಕೂ ನಡುವೆ ಉಗುರು ಹೋಗುವಷ್ಟು ಸಂದು ಕಂಡರೂ ಆ ಟ್ರಸ್ಸನ್ನು ಮೇಲೇರಿಸದೆ ಇಂಜಿನಿಯರನ್ನು ಕರೆಸುವುದು ವಾಸಿ. ಆ ಜಾಗದಲ್ಲಿ ನಾಲ್ಕು ಮೊಳೆ ಜಡಿದು ಸರಿಮಾಡಿದೆ ಎನ್ನುವ ಮೇಸ್ತ್ರಿಯ ಮಾತನ್ನು ಯಾವ ನಿಯಮವೂ ಒಪ್ಪುವುದಿಲ್ಲ.

ಟ್ರಸ್ಸಿನ ಒಳಗಿನ ಈ ಪ್ಲೇಟುಗಳನ್ನು ಆರಿಸುವ ಹೊಣೆ ಟ್ರಸ್ ವಿನ್ಯಾಸಕಾರರದು. ಯಾವ ಸಂದಿಗೆ ಎಷ್ಟು ಉದ್ದಗಲದ ಪ್ಲೇಟು ಎಂಬುದನ್ನು ಅವರ ಸಾಫ್ಟ್‌ವೇರು ಲೆಕ್ಕ ಹಾಕಿ ನಕ್ಷೆಯಲ್ಲೇ ಬರೆದುಕೊಡುತ್ತದೆ. ತೊಡಕು ಶುರುವಾಗುವುದು ಟ್ರಸ್ಸು ಮುಗಿದು ಗೋಡೆ ಆರಂಭವಾಗುವ ಜಾಗದಲ್ಲಿ. ಟ್ರಸ್ ಉದ್ಯಮದ ಮಾನದಂಡ ಟಿಪಿಐ-1 ಇಲ್ಲಿ ಗೆರೆ ಎಳೆದಿದೆ. ಟ್ರಸ್ಸು ಗೋಡೆಯನ್ನು ಎಷ್ಟು ಬಲದಲ್ಲಿ ಒತ್ತುತ್ತದೆ, ಎಷ್ಟು ಬಲದಲ್ಲಿ ಮೇಲಕ್ಕೆಳೆಯುತ್ತದೆ ಎಂದು ಟ್ರಸ್ ವಿನ್ಯಾಸಕಾರರು ಬರೆದುಕೊಡಬೇಕು. ಆ ಎಳೆತವನ್ನು ತಡೆಯುವ ಕನೆಕ್ಟರನ್ನು, ಅಂದರೆ ಜೋಡಣೆಯ ತಗಡನ್ನು, ಆರಿಸಬೇಕಾದವರು ಇಡೀ ಕಟ್ಟಡದ ವಿನ್ಯಾಸಕಾರರು. ಕಾಗದದ ಮೇಲೆ ಎಲ್ಲ ಸ್ಪಷ್ಟ. ನಿಜದಲ್ಲಿ ಸಣ್ಣ ಮನೆಗಳಿಗೆ ಇಡೀ ಕಟ್ಟಡ ನೋಡುವ ಇಂಜಿನಿಯರೇ ಇಲ್ಲದಿರುವುದುಂಟು. ಟ್ರಸ್ ಕಾರ್ಖಾನೆ ಅದು ತನ್ನ ಕೆಲಸವಲ್ಲ ಎನ್ನುತ್ತದೆ, ಕಂಟ್ರಾಕ್ಟರು ಕಳೆದ ಮನೆಗೆ ಹಾಕಿದ್ದನ್ನೇ ಇಲ್ಲಿಗೂ ತರುತ್ತಾರೆ. ಹೀಗೆ ಮಾಡು ಮತ್ತು ಗೋಡೆಯ ನಡುವಿನ ಆ ಒಂದು ಕೊಂಡಿ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ.

ಆಯ್ಕೆಯ ಮೊದಲ ಪ್ರಶ್ನೆ ಬಲ ಯಾವ ದಿಕ್ಕಿನದು ಎಂಬುದು. ಮಾಡಿನ ಭಾರ ಕೆಳಕ್ಕೆ ಬರುತ್ತದೆ ಎಂಬುದಷ್ಟೇ ನಮ್ಮ ಮನಸ್ಸಿನಲ್ಲಿರುತ್ತದೆ, ಆ ಭಾರಕ್ಕೆ ಟ್ರಸ್ಸು ಗೋಡೆಯ ಮೇಲೆ ಕೂತರೆ ಸಾಕು. ಬಿರುಗಾಳಿಯ ಲೆಕ್ಕ ಬೇರೆ. ಗಾಳಿ ಮಾಡಿನ ಮೇಲೆ ಹಾದುಹೋಗುವಾಗ ಅದನ್ನು ಮೇಲಕ್ಕೆ ಹೀರುತ್ತದೆ. ಒಂದು ಸ್ಥೂಲ ಲೆಕ್ಕ ನೋಡಿ. ಒಂಬತ್ತು ಮೀಟರ್ ಅಗಲದ ಮನೆ, ಎರಡೂ ಕಡೆ 60 ಸೆಂಟಿಮೀಟರ್ ಸೂರು, 60 ಸೆಂಟಿಮೀಟರಿಗೊಂದು ಟ್ರಸ್ಸು. ಒಂದು ಟ್ರಸ್ಸಿನ ಪಾಲಿಗೆ ಆರು ಚದರ ಮೀಟರಿಗಿಂತ ತುಸು ಹೆಚ್ಚು ಮಾಡು ಬರುತ್ತದೆ, ಅದರ ಒಂದು ತುದಿಗೆ ಮೂರು ಚದರ ಮೀಟರ್. ಚಂಡಮಾರುತ ಒಂದು ಚದರ ಮೀಟರಿಗೆ 165 ಕಿಲೋದಷ್ಟು ಬಲದಲ್ಲಿ ಹೀರುತ್ತದೆ ಎಂದಿಟ್ಟುಕೊಳ್ಳೋಣ. ಮಾಡಿನ ಸ್ವಂತ ತೂಕ ಚದರ ಮೀಟರಿಗೆ 75 ಕಿಲೋ ಇರಬಹುದು. ಅಮೆರಿಕದ ನಿಯಮ ಅದರಲ್ಲಿ ಶೇಕಡ 60ನ್ನು ಮಾತ್ರ, ಅಂದರೆ 45 ಕಿಲೋವನ್ನು ನಂಬಲು ಬಿಡುತ್ತದೆ. ಉಳಿದದ್ದು 120 ಕಿಲೋ. ಮೂರು ಚದರ ಮೀಟರಿಗೆ ಸುಮಾರು 365 ಕಿಲೋ. ಪ್ರತಿ ಟ್ರಸ್ಸಿನ ಪ್ರತಿ ತುದಿಯನ್ನೂ ಇಷ್ಟು ಬಲ ಮೇಲಕ್ಕೆ ಕೀಳುತ್ತದೆ.

ಈ ಅಂಕಿಯನ್ನು ಕೈಯಲ್ಲಿ ಹಿಡಿದು ಜೋಡಣೆಗಳನ್ನು ನೋಡಬೇಕು. ಹಳೆಯ ಮನೆಗಳಲ್ಲಿ ಟ್ರಸ್ಸಿನ ಬುಡಕ್ಕೆ ಓರೆಯಾಗಿ ಹೊಡೆದ ಮೂರು ಮೊಳೆಗಳೇ ಗತಿ. ಮರ ಒಳ್ಳೆಯದಿದ್ದರೂ ಅವುಗಳ ಸುರಕ್ಷಿತ ಶಕ್ತಿ 90 ಕಿಲೋ ಆಸುಪಾಸು. ಟ್ರಸ್ಸಿಗೂ ಗೋಡೆಗೂ ಐದೈದು ಮೊಳೆ ಹಿಡಿಯುವ ಒಂದು ಸಣ್ಣ ತಗಡಿನ ಹರಿಕೇನ್ ಕ್ಲಿಪ್ಪು 230ರಿಂದ 300 ಕಿಲೋ ತಡೆಯಬಲ್ಲದು. ನಮ್ಮ ಲೆಕ್ಕದ ಮನೆಗೆ ಅದೂ ಸಾಲದು. ಎರಡು ಕ್ಲಿಪ್ಪು ಬೇಕು, ಇಲ್ಲವೇ ಟ್ರಸ್ಸಿನ ನೆತ್ತಿಯ ಮೇಲಿಂದ ಸುತ್ತಿ ಬರುವ ಉದ್ದನೆಯ ಪಟ್ಟಿ. ಎರಡು ಕ್ಲಿಪ್ಪು ಹಾಕುವಾಗ ಎದುರುಬದುರು ಕೂರಿಸಬಾರದು, ಒಂದೂವರೆ ಅಂಗುಲದ ಮರದೊಳಗೆ ಎರಡೂ ಕಡೆಯ ಮೊಳೆಗಳು ಡಿಕ್ಕಿ ಹೊಡೆದು ಮರ ಸೀಳುತ್ತದೆ. ಒಂದನ್ನು ಗೋಡೆಯ ಹೊರಮೈಗೆ, ಇನ್ನೊಂದನ್ನು ಕರ್ಣರೇಖೆಯಲ್ಲಿ ಒಳಮೈಗೆ ಹಾಕುತ್ತಾರೆ. ಗಾಳಿ ಮೇಲಕ್ಕೆಳೆಯುವ ಹೊತ್ತಿಗೇ ಪಕ್ಕಕ್ಕೂ ತಳ್ಳುತ್ತದೆ. ಆಗ ಕ್ಲಿಪ್ಪಿನ ಶಕ್ತಿಯ ಒಂದು ಪಾಲು ಆ ಕಡೆಗೆ ಖರ್ಚಾಗುತ್ತದೆ. ಎರಡೂ ದಿಕ್ಕಿನ ಬಳಕೆಯ ಪಾಲುಗಳನ್ನು ಕೂಡಿದರೆ ಮೊತ್ತ ಒಂದನ್ನು ಮೀರಬಾರದು.

ಅಮೆರಿಕದಲ್ಲಿ ಇಂಥ ಕನೆಕ್ಟರುಗಳ ಕೆಟಲಾಗು ದಪ್ಪನೆಯ ಪುಸ್ತಕ. 1956ರಲ್ಲಿ ಕ್ಯಾಲಿಫೋರ್ನಿಯಾದ ಬಾರ್ಕ್ಲೇ ಸಿಂಪ್ಸನ್ ಜಂತೆ ಕೂರಿಸುವ ತಗಡಿನ ಹ್ಯಾಂಗರುಗಳನ್ನು ಮಾಡಿ ಮಾರತೊಡಗಿದ ಮೇಲೆ ಈ ಉದ್ಯಮ ಬೆಳೆದು, ಇವತ್ತು ಒಂದೊಂದು ಕಂಪನಿಯ ಪಟ್ಟಿಯಲ್ಲೂ ಸಾವಿರಾರು ನಮೂನೆಗಳಿವೆ. ಆ ಪುಸ್ತಕದಲ್ಲಿ ಒಂದೇ ಕ್ಲಿಪ್ಪಿನ ಎದುರು ಹಲವು ಅಂಕಿಗಳು. ತಪ್ಪುಗಳು ಹುಟ್ಟುವುದೇ ಇಲ್ಲಿ.

ಒಂದು ಅಂಕಿ ಡಗ್ಲಸ್ ಫರ್ ಮತ್ತು ಸದರ್ನ್ ಪೈನ್ ಮರಗಳಿಗೆ, ಇನ್ನೊಂದು ಸ್ಪ್ರೂಸ್ ಜಾತಿಯ ಹಗುರ ಮರಗಳಿಗೆ. ಸದರ್ನ್ ಪೈನಿನ ಸಾಪೇಕ್ಷ ಸಾಂದ್ರತೆ 0.55, ಸ್ಪ್ರೂಸ್ ಗುಂಪಿನದು 0.42. ಮೆತ್ತನೆಯ ಮರದಲ್ಲಿ ಅದೇ ಮೊಳೆ ಬೇಗ ಜಾರುತ್ತದೆ. ಟ್ರಸ್ಸು ಪೈನಿನದಾಗಿ, ಗೋಡೆಯ ನೆತ್ತಿಯ ಹಲಗೆ ಸ್ಪ್ರೂಸಿನದಾಗಿದ್ದರೆ ಕಡಿಮೆ ಅಂಕಿಯನ್ನೇ ಹಿಡಿಯಬೇಕು. ಇನ್ನೊಂದು ಗೊಂದಲ 100, 115, 125, 160 ಎಂಬ ಶೀರ್ಷಿಕೆಗಳದು. ಮರ ಸ್ವಲ್ಪ ಹೊತ್ತಿನ ಭಾರವನ್ನು ಹೆಚ್ಚು ತಾಳಿಕೊಳ್ಳುತ್ತದೆ. ನಿತ್ಯದ ಭಾರಕ್ಕೆ 100 ಎಂದಿಟ್ಟರೆ ಹಿಮಕ್ಕೆ 115, ಗಾಳಿಗೆ 160. ಮೇಲೆಳೆತದ ಅಂಕಿಯನ್ನು 160ರ ಹೆಚ್ಚಳ ಸೇರಿಸಿಯೇ ಅಚ್ಚು ಹಾಕಿರುತ್ತಾರೆ. ಅದನ್ನು ಗಮನಿಸದೆ ಮತ್ತೊಮ್ಮೆ 1.6ರಿಂದ ಗುಣಿಸಿದವರು ಇಲ್ಲದ ಶಕ್ತಿಯನ್ನು ಇದೆ ಎಂದು ನಂಬಿ ಮಾಡು ಕಟ್ಟುತ್ತಾರೆ.

ಇನ್ನು ಮೊಳೆ. ಕನೆಕ್ಟರ್ ಎಂದರೆ ತಗಡು ಎಂದುಕೊಳ್ಳುವುದು ಸಹಜ, ಕೆಟಲಾಗಿನ ಅಂಕಿ ಮಾತ್ರ ತಗಡು ಮತ್ತು ಮೊಳೆ ಎರಡೂ ಸೇರಿದ್ದು. ಅಲ್ಲಿ ಮೊಳೆಗಳನ್ನು 8ಡಿ, 10ಡಿ, 16ಡಿ ಎಂದು ಗುರುತಿಸುತ್ತಾರೆ. 10ಡಿ ಕಾಮನ್ ಮೊಳೆ ಮೂರಂಗುಲ ಉದ್ದ, ಸುಮಾರು 3.8 ಮಿಲಿಮೀಟರ್ ದಪ್ಪ. ಅದೇ 10ಡಿ ಹೆಸರಿನ ಬಾಕ್ಸ್ ಮೊಳೆ ಅಷ್ಟೇ ಉದ್ದ, ದಪ್ಪ 3.25 ಮಿಲಿಮೀಟರ್. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಹಿಡಿತದಲ್ಲಿ ತಿಳಿಯುತ್ತದೆ. ಟ್ರಸ್ಸಿನ ಮರ ತೆಳುವೆಂದು ಮೂರಂಗುಲದ ಬದಲು ಒಂದೂವರೆ ಅಂಗುಲದ ಗಿಡ್ಡ ಮೊಳೆ ಹೊಡೆಯುವುದೂ ಉಂಟು. ಕೆಲವು ಕನೆಕ್ಟರುಗಳಿಗೆ ಅದಕ್ಕೆ ಅನುಮತಿ ಇದೆ, ಕೆಲವಕ್ಕೆ ಶಕ್ತಿ ಕಡಿತವಾಗುತ್ತದೆ, ಕೆಲವಕ್ಕೆ ಅದು ನಡೆಯುವುದೇ ಇಲ್ಲ. ತಗಡಿನಲ್ಲಿ ದುಂಡು ತೂತುಗಳಿದ್ದರೆ ಅವೆಲ್ಲವನ್ನೂ ತುಂಬಬೇಕು. ತ್ರಿಕೋನದ ತೂತುಗಳನ್ನು ಪೂರ್ತಿ ಶಕ್ತಿ ಬೇಕಾದಾಗ ಮಾತ್ರ ತುಂಬುತ್ತಾರೆ. ಐದು ತೂತಿಗೆ ಮೂರೇ ಮೊಳೆ ಹೊಡೆದ ಕ್ಲಿಪ್ಪು ದೂರದಿಂದ ನೋಡಿದವರಿಗೆ ಕ್ಲಿಪ್ಪೇ. ಮೊಳೆಯ ಬದಲು ಕಪ್ಪು ಬಣ್ಣದ ಜಿಪ್ಸಂ ಬೋರ್ಡ್ ಸ್ಕ್ರೂ ತಿರುಗಿಸಿದರಂತೂ ಮುಗಿಯಿತು. ಆ ಸ್ಕ್ರೂ ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ಮೊಳೆ ಬಾಗಿ, ಬಳುಕಿ, ಎಚ್ಚರಿಕೆ ಕೊಟ್ಟು ಸೋಲುತ್ತದೆ.

ಕ್ಲಿಪ್ಪು ಸರಿಯಾಗಿ ಕೂತ ಮೇಲೂ ಕೆಲಸ ಮುಗಿಯುವುದಿಲ್ಲ. ಮರದ ಗೋಡೆಯ ಮನೆಯಲ್ಲಿ ಗೋಡೆಯ ನೆತ್ತಿಯ ಮೇಲೆ ಒಂದರ ಮೇಲೊಂದು ಎರಡು ಹಲಗೆ ಮಲಗಿಸಿರುತ್ತಾರೆ. ಕ್ಲಿಪ್ಪು ಟ್ರಸ್ಸನ್ನು ಮೇಲಿನ ಹಲಗೆಗೆ ಕಟ್ಟಿತು ಎನ್ನೋಣ. ಆ ಹಲಗೆಯನ್ನು ಕೆಳಗಿನ ಕಂಬಗಳಿಗೆ ಹಿಡಿದಿರುವುದು ಏನು? ಎರಡು ಮೊಳೆ ಮಾತ್ರವಾದರೆ ಟ್ರಸ್ಸು ಹಲಗೆಯ ಸಮೇತ ಹಾರುತ್ತದೆ. ಹಲಗೆಯಿಂದ ಕಂಬಕ್ಕೆ, ಕಂಬದಿಂದ ನೆಲದ ತೊಲೆಗೆ, ಅಲ್ಲಿಂದ ಅಡಿಪಾಯದ ಕಾಂಕ್ರೀಟಿಗೆ ಪಟ್ಟಿ ಮತ್ತು ಬೋಲ್ಟುಗಳ ಹಾದಿ ಕಡಿಯದಂತೆ ಸಾಗಬೇಕು. ಅದರಲ್ಲಿ ಒಂದು ಕೊಂಡಿ 365 ಕಿಲೋ ತಡೆದು ಇನ್ನೊಂದು 100 ಕಿಲೋಗೇ ಬಿಟ್ಟುಕೊಟ್ಟರೆ ಆ ಹಾದಿಯ ಶಕ್ತಿ 100 ಕಿಲೋ.

ದಕ್ಷಿಣ ಫ್ಲೋರಿಡಾದಲ್ಲಿ ಗೋಡೆಗಳು ಹೆಚ್ಚಾಗಿ ಕಾಂಕ್ರೀಟ್ ಬ್ಲಾಕಿನವು. ಗೋಡೆಯ ನೆತ್ತಿಯಲ್ಲಿ ಸುತ್ತಲೂ ಕಾಂಕ್ರೀಟ್ ಬೀಮು ಎರೆಯುತ್ತಾರೆ, ಅದು ಹಸಿಯಿರುವಾಗಲೇ ಎರಡೆರಡು ಅಡಿಗೊಂದು ಕಬ್ಬಿಣದ ಪಟ್ಟಿ ಹುಗಿಯುತ್ತಾರೆ. ಟ್ರಸ್ಸು ಬಂದ ಮೇಲೆ ಪಟ್ಟಿಯನ್ನು ಅದರ ಮೇಲೆ ಬಗ್ಗಿಸಿ ಮೊಳೆ ಹೊಡೆಯುವುದು. ಇದು ಬಹಳ ಒಳ್ಳೆಯ ಪದ್ಧತಿ, ಪಟ್ಟಿ ಮತ್ತು ಟ್ರಸ್ಸು ಒಂದೇ ಗೆರೆಗೆ ಬಂದರೆ ಮಾತ್ರ. ಕಾಂಕ್ರೀಟು ಎರೆಯುವ ದಿನ ಟ್ರಸ್ ನಕ್ಷೆ ಕೈಯಲ್ಲಿಲ್ಲದೆ ಅಂದಾಜಿನಲ್ಲಿ ಹುಗಿದರೆ ಪಟ್ಟಿಯೊಂದು ಕಡೆ, ಟ್ರಸ್ಸೊಂದು ಕಡೆ ಆಗುತ್ತದೆ. ಆಮೇಲೆ ಕಾಂಕ್ರೀಟಿಗೆ ತೂತು ಕೊರೆದು ಬೇರೆ ಪಟ್ಟಿ ಹಾಕಬೇಕು, ಅದನ್ನೂ ಇಂಜಿನಿಯರ್ ಒಪ್ಪಬೇಕು. ಆಂಡ್ರ್ಯೂ ಕಲಿಸಿದ ಪಾಠದಿಂದ ಮಯಾಮಿ-ಡೇಡ್ ಮತ್ತು ಬ್ರೋವರ್ಡ್ ಕೌಂಟಿಗಳಲ್ಲಿ ನಿಯಮ ಬಿಗಿಯಾಯಿತು. ಲೆಕ್ಕದಲ್ಲಿ ಎಷ್ಟೇ ಕಡಿಮೆ ಬಂದರೂ ಮಾಡನ್ನು ಗೋಡೆಗೆ ಕಟ್ಟುವ ಪಟ್ಟಿ 700 ಪೌಂಡ್, ಅಂದರೆ ಸುಮಾರು 318 ಕಿಲೋ ಎಳೆತವನ್ನಾದರೂ ತಾಳಬೇಕು. ಅಲ್ಲಿ ಬಳಸುವ ಕನೆಕ್ಟರಿಗೆ ಪ್ರತ್ಯೇಕ ಪರೀಕ್ಷೆ ಮತ್ತು ಒಪ್ಪಿಗೆ ಬೇಕು. 2002ರ ಮಾರ್ಚ್ 1ರಿಂದ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಬಂತು. 2004ರಲ್ಲಿ ಚಾರ್ಲಿ, 2018ರಲ್ಲಿ ಮೈಕೆಲ್ ಬೀಸಿದಾಗ ಹೊಸ ಸಂಹಿತೆಯ ಮನೆಗಳು ಹಳೆಯ ಮನೆಗಳಿಗಿಂತ ಎಷ್ಟೋ ವಾಸಿಯಾಗಿ ನಿಂತವು.

ಕನೆಕ್ಟರಿನ ಬೆಲೆಯನ್ನು ಫ್ಲೋರಿಡಾದ ವಿಮಾ ಕಂಪನಿಗಳು ಬೇರೆ ಬಗೆಯಲ್ಲಿ ಕಟ್ಟುತ್ತವೆ. ಟ್ಯಾಂಪಾದಲ್ಲೋ ಒರ್ಲ್ಯಾಂಡೋದಲ್ಲೋ ಹಳೆಯ ಮನೆ ಕೊಳ್ಳುವ ಕನ್ನಡ ಕುಟುಂಬಕ್ಕೂ ವಿಮೆಗಾಗಿ ಮಾಡುವ ಪರಿಶೀಲನೆ ಎದುರಾಗುತ್ತದೆ. ಪರಿಶೀಲಕರು ಅಟ್ಟಕ್ಕೆ ಹತ್ತಿ, ಸೂರಿನ ಮೂಲೆಯವರೆಗೆ ತೆವಳಿ, ಟಾರ್ಚು ಬಿಟ್ಟು ಟ್ರಸ್ಸಿನ ಬುಡದ ಫೋಟೊ ತೆಗೆಯುತ್ತಾರೆ. ಅವರ ನಮೂನೆಯಲ್ಲಿ ದರ್ಜೆಗಳಿವೆ: ಓರೆ ಮೊಳೆ, ಕ್ಲಿಪ್ಪು, ಒಂದು ಪಟ್ಟಿಯ ಸುತ್ತು, ಎರಡು ಪಟ್ಟಿಯ ಸುತ್ತು. ಕ್ಲಿಪ್ಪು ಎಂದು ಬರೆಯಬೇಕಾದರೆ ಟ್ರಸ್ಸಿನೊಳಕ್ಕೆ ಕನಿಷ್ಠ ಮೂರು ಮೊಳೆ ಹೋಗಿರಬೇಕು, ತಗಡಿಗೂ ಮರಕ್ಕೂ ಅರ್ಧ ಅಂಗುಲಕ್ಕಿಂತ ಕಡಿಮೆ ಸಂದು ಇರಬೇಕು, ತುಕ್ಕು ತಿಂದಿರಬಾರದು. ಎರಡೇ ಮೊಳೆ ಕಂಡರೆ ಆ ಮನೆ ಓರೆ ಮೊಳೆಯ ದರ್ಜೆಗೆ ಇಳಿಯುತ್ತದೆ. ಇಡೀ ಮನೆಗೆ ಕೊಡುವ ದರ್ಜೆ ಅಲ್ಲಿ ಕಂಡ ಅತ್ಯಂತ ದುರ್ಬಲ ಜೋಡಣೆಯದು. ಒಂದು ಮೊಳೆಗೆ ವರ್ಷ ವರ್ಷವೂ ವಿಮೆಯ ಕಂತಿನಲ್ಲಿ ಲೆಕ್ಕ ಕೊಡಬೇಕಾದ ವ್ಯವಸ್ಥೆ ಇದು. ನಿಯಮಕ್ಕಿಂತ ಇದೇ ಹೆಚ್ಚು ಮನೆಗಳ ಅಟ್ಟಗಳಿಗೆ ಬಡಗಿಗಳನ್ನು ಹತ್ತಿಸಿರಬಹುದು.

ತುಕ್ಕಿನ ಮಾತನ್ನೂ ಆಡಬೇಕು. ಕನೆಕ್ಟರಿನ ತಗಡಿಗೆ ಸತುವಿನ ಲೇಪ ಇರುತ್ತದೆ. ಅದನ್ನು ಜಿ60, ಜಿ90, ಜಿ185 ಎಂದು ಅಳೆಯುತ್ತಾರೆ. ಜಿ90 ಎಂದರೆ ಎರಡೂ ಮುಖ ಸೇರಿ ಚದರ ಮೀಟರಿಗೆ ಸುಮಾರು 275 ಗ್ರಾಂ ಸತು, ಜಿ185 ಅದರ ಎರಡು ಪಟ್ಟಿಗಿಂತ ತುಸು ಹೆಚ್ಚು. ಒಣಗಿದ ಅಟ್ಟದೊಳಗೆ ಮೊದಲೆರಡು ಸಾಕು. ಗೆದ್ದಲಿಗೆ, ಕೊಳೆತಕ್ಕೆ ಔಷಧಿ ಹಾಕಿದ ಮರಕ್ಕೆ ತಾಗುವ ಜಾಗದಲ್ಲಿ ಸಾಲದು. 2003ರ ಕೊನೆಯವರೆಗೆ ಅಮೆರಿಕದ ಮನೆಗಳಲ್ಲಿ ಆರ್ಸೆನಿಕ್ ಬೆರೆತ ಸಿಸಿಎ ಔಷಧಿಯ ಮರ ಬಳಕೆಯಲ್ಲಿತ್ತು. ಆರೋಗ್ಯದ ಕಾಳಜಿಯಿಂದ ಅದನ್ನು ಬಿಟ್ಟು ತಾಮ್ರದ ಅಂಶ ಹೆಚ್ಚಿರುವ ಎಸಿಕ್ಯೂ ಮುಂತಾದ ಔಷಧಿಗಳಿಗೆ ಬಂದರು. ಒದ್ದೆ ಮರದಲ್ಲಿ ತಾಮ್ರವೂ ಸತುವೂ ತಾಗಿದರೆ ಸತು ಬೇಗ ಕರಗುತ್ತದೆ, ಆಮೇಲೆ ಕಬ್ಬಿಣದ ಸರದಿ. ಹೊಸ ಮರಕ್ಕೆ ಹಳೆಯ ಲೇಪದ ಹ್ಯಾಂಗರು ಹೊಂದುವುದಿಲ್ಲ ಎಂಬುದು ಆಗ ಉದ್ಯಮಕ್ಕೆಲ್ಲ ಅರಿವಾಯಿತು. ಅಂಥ ಕಡೆ ದಪ್ಪ ಲೇಪದ ತಗಡು ಬೇಕು, ಸಮುದ್ರದ ಉಪ್ಪುಗಾಳಿ ಬಡಿಯುವಲ್ಲಿ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಮೊಳೆಯೂ ಅದೇ ಲೋಹದ್ದಿರಬೇಕು. ಸ್ಟೇನ್‌ಲೆಸ್ ಪಟ್ಟಿಗೆ ಸತುವಿನ ಮೊಳೆ ಹೊಡೆದರೆ ಪಟ್ಟಿ ಹೊಳೆಯುತ್ತಾ ಉಳಿಯುತ್ತದೆ, ಮೊಳೆ ಒಳಗೇ ಸವೆಯುತ್ತದೆ.

ಎಲ್ಲ ಕಡೆಯೂ ಬಿಗಿಯಾಗಿ ಕಟ್ಟಿದ್ದೇ ಒಳ್ಳೆಯದು ಎಂದುಕೊಂಡರೆ ಅದೂ ತಪ್ಪು. ಟ್ರಸ್ಸು ಹೊರಗೋಡೆಯಿಂದ ಹೊರಗೋಡೆಗೆ ಹಾರಿ ನಿಲ್ಲುತ್ತದೆ. ನಡುವಿನ ಕೋಣೆಗಳ ಗೋಡೆ ಅದನ್ನು ಹೊರುವುದಿಲ್ಲ. ಚಳಿಯ ಪ್ರದೇಶಗಳಲ್ಲಿ ಟ್ರಸ್ಸಿನ ಕೆಳಗಿನ ಮರ ಶಾಖ ನಿರೋಧಕದಲ್ಲಿ ಹೂತು ಬೆಚ್ಚಗೆ ಒಣಗಿರುತ್ತದೆ, ಮೇಲಿನ ಮರಗಳು ತಂಪಿನಲ್ಲಿ ತೇವ ಹೀರಿ ಉದ್ದವಾಗುತ್ತವೆ. ಆಗ ಟ್ರಸ್ಸಿನ ನಡುಭಾಗ ಮೇಲಕ್ಕೆ ಬಿಲ್ಲಿನಂತೆ ಬಾಗುತ್ತದೆ. ಕೋಣೆಯ ಗೋಡೆಗೆ ಅದನ್ನು ಮೊಳೆಯಿಂದ ಬಿಗಿದಿದ್ದರೆ ಗೋಡೆ ಮತ್ತು ಚಾವಣಿ ಸೇರುವ ಮೂಲೆಯಲ್ಲಿ ಪ್ರತಿ ಚಳಿಗಾಲ ಬಿರುಕು ಬಿಟ್ಟು ಬೇಸಿಗೆಗೆ ಮುಚ್ಚಿಕೊಳ್ಳುತ್ತದೆ. ಅದಕ್ಕಾಗಿ ಉದ್ದನೆಯ ಸೀಳುಳ್ಳ ಬೇರೆಯೇ ಕ್ಲಿಪ್ಪು ಇದೆ. ಸೀಳಿನಲ್ಲಿ ಮೊಳೆಯನ್ನು ಪೂರ್ತಿ ಜಡಿಯದೆ ತುಸು ಸಡಿಲ ಬಿಡುತ್ತಾರೆ. ಗೋಡೆ ಪಕ್ಕಕ್ಕೆ ವಾಲುವುದಿಲ್ಲ, ಟ್ರಸ್ಸು ಮೇಲೆ ಕೆಳಗೆ ಚಲಿಸಬಲ್ಲದು. ಚಾವಣಿಯ ಬೋರ್ಡನ್ನೂ ಆ ಮೂಲೆಯ ಹತ್ತಿರ ಟ್ರಸ್ಸಿಗೆ ಹೊಡೆಯದೆ ಗೋಡೆಗೆ ಹೊಡೆಯುತ್ತಾರೆ.

ಒಂದು ಟ್ರಸ್ಸು ಇನ್ನೊಂದರ ಮೇಲೆ ಭಾರ ಹೊರಿಸುವ ಕಡೆ ಲೆಕ್ಕ ದೊಡ್ಡದಾಗುತ್ತದೆ. ಮಾಡಿನ ಮೂಲೆಗಳಲ್ಲಿ ಎರಡು ಮೂರು ಟ್ರಸ್ಸುಗಳನ್ನು ಒಟ್ಟಿಗೆ ಬಿಗಿದು ಒಂದು ಗರ್ಡರ್ ಮಾಡಿ, ಉಳಿದವನ್ನು ಅದಕ್ಕೆ ನೇತುಹಾಕುತ್ತಾರೆ. ಗರ್ಡರಿನ ತುದಿಯ ಭಾರ ಸಾವಿರಾರು ಕಿಲೋಗೆ ಏರಬಹುದು. ಅಲ್ಲಿ ಸಣ್ಣ ಕ್ಲಿಪ್ಪಿನ ಆಟ ನಡೆಯದು, ಅಡಿಪಾಯದವರೆಗೆ ಇಳಿಯುವ ದಪ್ಪ ಪಟ್ಟಿಯೋ ಬೋಲ್ಟಿನ ಕಟ್ಟೋ ಬೇಕು. ನೇತುಹಾಕುವ ಹ್ಯಾಂಗರಿನ ಅಗಲ ಟ್ರಸ್ಸಿನ ದಪ್ಪಕ್ಕೆ ಸರಿಯಾಗಿ ಕೂರಬೇಕು, ಕೋನ ಬೇರೆಯಾದರೆ ಹ್ಯಾಂಗರೂ ಆ ಕೋನದ್ದೇ ಆಗಬೇಕು. ಮೂಲೆಯ ಹ್ಯಾಂಗರು ಸಿಗಲಿಲ್ಲವೆಂದು ನೇರ ಹ್ಯಾಂಗರನ್ನೇ ಬಗ್ಗಿಸಿ ಕೂರಿಸಿದರೆ ತಗಡು ಮಡಿಕೆಯಲ್ಲೇ ಸೀಳುತ್ತದೆ. ಮಹಡಿಯ ಟ್ರಸ್ಸುಗಳಲ್ಲಿ ಮರ ಅಗಲ ಮುಖದ ಮೇಲೆ ಮಲಗಿರುವುದರಿಂದ ಹ್ಯಾಂಗರು ಮೂರೂವರೆ ಅಂಗುಲದ್ದು, ಅದರ ಮೊಳೆಗಳು ಎದುರಿನ ಗರ್ಡರಿನಲ್ಲಿ ಮರವಿರುವ ಜಾಗಕ್ಕೇ ಬೀಳಬೇಕು. ಟ್ರಸ್ಸಿನ ನಡುವೆ ಎಷ್ಟೋ ಕಡೆ ಖಾಲಿ ಜಾಗವೇ ಇರುವುದರಿಂದ ಇದನ್ನು ಕಾರ್ಖಾನೆಯಲ್ಲೇ ಯೋಚಿಸಿ ಅಲ್ಲಿಗೊಂದು ಕಂಬ ಇಡಬೇಕಾಗುತ್ತದೆ. ಮಹಡಿ ಟ್ರಸ್ಸಿನ ಪ್ಲೇಟುಗಳ ಬಗ್ಗೆ ಅಗ್ನಿಶಾಮಕ ಸಿಬ್ಬಂದಿಗೆ ಇನ್ನೊಂದು ಆತಂಕವಿದೆ. ಹಲ್ಲು ಇಳಿದಿರುವುದು ಒಂಬತ್ತು ಮಿಲಿಮೀಟರಷ್ಟೇ ಆದ್ದರಿಂದ, ಬೆಂಕಿಯಲ್ಲಿ ಮರದ ಮೇಲ್ಪದರ ಕರಿಕಾದರೆ ಹಿಡಿತವೇ ತಪ್ಪುತ್ತದೆ. ಟ್ರಸ್ಸು ಕುಸಿದು ಸಿಬ್ಬಂದಿ ಸಾಯುವ ಅಪಾಯದ ಬಗ್ಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 2005ರಲ್ಲಿ ವಿಶೇಷ ಎಚ್ಚರಿಕೆಯನ್ನೇ ಹೊರಡಿಸಿತು. ನೆಲಮಾಳಿಗೆಯ ಚಾವಣಿಗೆ ಜಿಪ್ಸಂ ಬೋರ್ಡು ಹೊಡೆಸುವುದು ಅಂದಕ್ಕಾಗಿ ಮಾತ್ರ ಅಲ್ಲ, ಮೇಲಿನ ಟ್ರಸ್ಸನ್ನು ಬೆಂಕಿಯಿಂದ ಕಾಯುವುದಕ್ಕೂ ಹೌದು.

ಇದೆಲ್ಲ ದೂರದ ದೇಶದ ಮರದ ಮನೆಗಳ ಕಥೆ ಎಂದು ನಮ್ಮ ಕರಾವಳಿ, ಮಲೆನಾಡಿನವರು ಬದಿಗಿಡುವಂತಿಲ್ಲ. ಮಂಗಳೂರು ಹಂಚಿನ ಮಾಡು, ಅದರ ಪಕ್ಕಾಸು ರೀಪುಗಳೊಂದಿಗೆ ಚದರ ಮೀಟರಿಗೆ ಸುಮಾರು 65 ಕಿಲೋ ತೂಗುತ್ತದೆ. ಹಂಚುಗಳ ನಡುವಿನ ಸಂದಿನಲ್ಲಿ ಗಾಳಿ ಆಡಿ ಒಳಗಿನ ಹೊರಗಿನ ಒತ್ತಡ ತುಸು ಸಮವಾಗುತ್ತದೆ. ಜೋರು ಗಾಳಿಗೆ ಹಂಚು ಹಾರಿದರೂ ಮಾಡು ಕೂತೇ ಇರುತ್ತಿದ್ದುದು ಈ ಎರಡು ಕಾರಣಕ್ಕೆ. ಈಗ ಹಂಚು ಇಳಿಸಿ ಬಣ್ಣದ ತಗಡಿನ ಶೀಟು ಹೊದಿಸುತ್ತಿದ್ದೇವೆ, ತಾರಸಿ ಸೋರದಿರಲೆಂದು ಅದರ ಮೇಲೆ ಜಿಐ ಪೈಪಿನ ಟ್ರಸ್ಸು ನಿಲ್ಲಿಸುತ್ತಿದ್ದೇವೆ. ಶೀಟು, ಪರ್ಲಿನ್, ಪೈಪು ಎಲ್ಲ ಸೇರಿ ಚದರ ಮೀಟರಿಗೆ 15 ಕಿಲೋ ಆದರೆ ಹೆಚ್ಚು. ಮಾಡು ಹಗುರಾಯಿತು, ಗಾಳಿ ಹಗುರಾಗಲಿಲ್ಲ.

ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33 ಮೀಟರ್ ಮೂಲ ಗಾಳಿವೇಗ ಕೊಡುತ್ತದೆ. ಮಂಗಳೂರಿನ ವೇಗಕ್ಕೆ ಒತ್ತಡ ಚದರ ಮೀಟರಿಗೆ ಸುಮಾರು 93 ಕಿಲೋ. ಸುತ್ತಲೂ ತೆರೆದಿರುವ ತಾರಸಿ ಮಾಡಿನಲ್ಲಿ ಗಾಳಿ ಕೆಳಗಿನಿಂದ ತಳ್ಳಿ ಮೇಲಿನಿಂದ ಹೀರುತ್ತದೆ. ಮಾಡಿನ ತೂಕ ಕಳೆದರೂ 80 ಕಿಲೋ ಆಸುಪಾಸು ಉಳಿಯಿತು ಎನ್ನಿ. ಮೂರು ಮೀಟರಿಗೆ ಮೂರು ಮೀಟರ್ ಜಾಗವನ್ನು ಹೊತ್ತ ಒಂದು ಕಂಬದ ಬುಡವನ್ನು ಸುಮಾರು 700 ಕಿಲೋ ಬಲ ಮೇಲಕ್ಕೆ ಕೀಳುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಕರಾವಳಿಯಲ್ಲಿ ಶೀಟು ಹಾರಿದ ಸುದ್ದಿ ಪ್ರತಿ ಮುಂಗಾರಿನಲ್ಲೂ ಬರುತ್ತದೆ. ಶೀಟಿನ ಮೇಲೆ ಮರಳಿನ ಚೀಲ, ಕಲ್ಲು ಹೇರುವವರಿದ್ದಾರೆ. ಅಂಥ ಎರಡು ಚೀಲದ ತೂಕ 700 ಕಿಲೋದ ಎದುರು ಏನೂ ಅಲ್ಲ, ಹಾರಿ ಬಿದ್ದರೆ ಕೆಳಗಿದ್ದವರಿಗೆ ಅಪಾಯ.

ಫ್ಯಾಬ್ರಿಕೇಶನ್ ಕೆಲಸಕ್ಕೆ ದರ ಕೇಳುವಾಗ ನಮ್ಮಲ್ಲಿ ಮಾತು ನಡೆಯುವುದು ಚದರ ಅಡಿಗೆ ಎಷ್ಟು, ಶೀಟು ಎಷ್ಟು ದಪ್ಪ, ಬಣ್ಣ ಯಾವುದು ಎಂಬುದರ ಮೇಲೆ. ಕಂಬದ ಬುಡದ ಬೇಸ್ ಪ್ಲೇಟು ಎಷ್ಟು ದಪ್ಪ, ಎಷ್ಟು ಬೋಲ್ಟು, ಅವು ಎಲ್ಲಿಗೆ ಇಳಿಯುತ್ತವೆ ಎಂದು ಕೇಳುವವರು ವಿರಳ. ಎಷ್ಟೋ ಮನೆಗಳಲ್ಲಿ ಕಂಬವನ್ನು ತಾರಸಿಯ ಪ್ಯಾರಪೆಟ್ ಗೋಡೆಯ ಮೇಲೆ ನಿಲ್ಲಿಸಿ ಆಂಕರ್ ಬೋಲ್ಟು ಬಿಗಿಯುತ್ತಾರೆ. ಆ ಗೋಡೆ ಟೊಳ್ಳು ಬ್ಲಾಕಿನದೋ ಕೆಂಪುಕಲ್ಲಿನದೋ ಆಗಿದ್ದರೆ ಉಬ್ಬಿ ಹಿಡಿಯುವ ಬೋಲ್ಟು ಅದನ್ನೇ ಒಡೆದುಕೊಂಡು ಹೊರಬರುತ್ತದೆ. ಬೋಲ್ಟು ಇಳಿಯಬೇಕಾದ್ದು ಕೆಳಗಿನ ಆರ್‌ಸಿಸಿ ಬೀಮಿಗೆ ಅಥವಾ ಕಾಲಮ್ಮಿನ ನೆತ್ತಿಗೆ. ಮನೆ ಕಟ್ಟುವಾಗಲೇ ಮೇಲೆ ಶೀಟು ಬರಲಿದೆ ಎಂದು ಗೊತ್ತಿದ್ದರೆ ಕಾಂಕ್ರೀಟು ಎರೆಯುವ ದಿನವೇ ಬೋಲ್ಟು ಹುಗಿದುಬಿಡುವುದು ಎಲ್ಲಕ್ಕಿಂತ ಉತ್ತಮ. ಆಮೇಲೆ ಕೊರೆದು ಹಾಕುವುದಾದರೆ ರಾಸಾಯನಿಕ ಅಂಟಿನ ಬೋಲ್ಟು, ಕೊರೆದ ತೂತಿನ ಪುಡಿಯನ್ನು ಪೂರ್ತಿ ಊದಿ ತೆಗೆದು ಹಾಕಿದ್ದು, ನಂಬಿಕೆಗೆ ಅರ್ಹ.

ಶೀಟಿನ ವಿಷಯದಲ್ಲಿ ಅಂಚುಗಳನ್ನು ನೋಡಬೇಕು. ಗಾಳಿಯ ಹೀರುವಿಕೆ ಮಾಡಿನ ನಡುವಿಗಿಂತ ಅಂಚು, ಮೂಲೆ, ಕೂಡುಗೆರೆಗಳಲ್ಲಿ ಎಷ್ಟೋ ಹೆಚ್ಚು. ಅಲ್ಲಿ ಸ್ಕ್ರೂಗಳ ಅಂತರ ಕಡಿಮೆ ಮಾಡಿಸಬೇಕು. ಎಲ್ಲ ಕಡೆ ಒಂದೇ ಅಂತರದಲ್ಲಿ ಹೊಡೆದ ಶೀಟು ಮೂಲೆಯಿಂದಲೇ ಎದ್ದುಬರುತ್ತದೆ. ಹಳೆಯ ಸಿಮೆಂಟ್ ಶೀಟಿನ ಜೆ ಹುಕ್ಕುಗಳಿದ್ದರೆ ನಟ್ಟಿನ ಕೆಳಗಿನ ವಾಷರು, ಹುಕ್ಕಿನ ಬಾಗಿದ ಭಾಗ ತುಕ್ಕು ಹಿಡಿದಿದೆಯೇ ಎಂದು ಒಳಗಿನಿಂದ ನೋಡಬೇಕು, ಹೊರಗಿನಿಂದ ಅದು ಕಾಣುವುದಿಲ್ಲ. ವೆಲ್ಡು ಮಾಡಿದ ಜಾಗದಲ್ಲಿ ಪೈಪಿನ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಕರಾವಳಿಯ ಉಪ್ಪು ಮೊದಲು ತಿನ್ನುವುದು ಅದನ್ನೇ, ಆದ್ದರಿಂದ ಅಲ್ಲಿ ಸತು ಬೆರೆತ ಪ್ರೈಮರ್ ಬಳಿದಿದ್ದಾರೆಯೇ ಎಂದು ಬಣ್ಣ ಹೊಡೆಯುವ ಮೊದಲೇ ನೋಡಿಕೊಳ್ಳಬೇಕು. ಕೆಲಸ ಒಪ್ಪಿಸುವಾಗ ಕಾಗದದಲ್ಲಿ ಮೂರು ಸಾಲು ಬರೆಸಿಕೊಂಡರೆ ಸಾಕು: ಯಾವ ಗಾಳಿವೇಗಕ್ಕೆ ಲೆಕ್ಕ ಹಾಕಿದ್ದು, ಒಂದು ಕಂಬಕ್ಕೆ ಎಷ್ಟು ಮೇಲೆಳೆತ, ಅದಕ್ಕೆ ಯಾವ ಅಳತೆಯ ಎಷ್ಟು ಬೋಲ್ಟು. ಲೆಕ್ಕ ಬರೆದುಕೊಡಲು ಸ್ಥಳೀಯ ಸ್ಟ್ರಕ್ಚರಲ್ ಇಂಜಿನಿಯರ್ ಕೇಳುವ ಶುಲ್ಕ ಶೀಟಿನ ಖರ್ಚಿನ ಮುಂದೆ ಸಣ್ಣದು. ಮುಂಗಾರಿಗೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ ಏಣಿ ಇಟ್ಟು ನಟ್ಟುಗಳನ್ನು ಒಮ್ಮೆ ಬಿಗಿಸುವ ಕೆಲಸವನ್ನೂ ಅದೇ ಕರಾರಿನಲ್ಲಿ ಸೇರಿಸಬಹುದು.